ನಮ್ಮ ಜಿಲ್ಲೆಯ ಹಲವು ಮಾತು, ನಮ್ಮ ಸಂಘದ ಒಂದು ಪುಸ್ತಕ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಪೂರ್ವಭಾವಿಯಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರೆಹ ರೂಪ)



ನಮಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ತೋಟಕ್ಕೆ ಇಳಿದವರು ನಾವು. ಕೈಗೆ ಮೈಕ್ ಕೊಟ್ಟರೆ ಹಾರೆ ಹಿಡಿದ ಹಾಗೆ ಹಿಡಿಯುತ್ತೇವೆ ಎಂದು ಮನೆಯಲ್ಲಿ ತಮಾಷೆ ಮಾಡ್ತಾರೆ. ಆದರೂ ಅಧ್ಯಕ್ಷರು "ನಮ್ಮ ಜಿಲ್ಲೆ ಮತ್ತು ಸಹಕಾರ ಎಂಬ ವಿಷಯದಲ್ಲಿ ನೀವು ನಾಲ್ಕು ಮಾತು ಆಡಲೇಬೇಕು" ಎಂದು ಅಪ್ಪಣೆ ಮಾಡಿದ್ದಾರೆ. ಸಹಕಾರ ತತ್ವದ ಬಗ್ಗೆ ಹೇಳಲು ನಮಗಿಂತ ತಿಳಿದವರು ಇಲ್ಲಿದ್ದಾರೆ. ನಾವು ನಮ್ಮ ಡೈರಿಯ ಕೌಂಟರಿನಲ್ಲಿ ನಿಂತು ಕಂಡದ್ದನ್ನು ಮಾತ್ರ ಹೇಳುತ್ತೇವೆ. ಅದರಲ್ಲಿ ಸಂತೋಷದ ಸಂಗತಿಯೂ ಉಂಟು, ನಾವು ತಲೆ ತಗ್ಗಿಸಬೇಕಾದ ಸಂಗತಿಯೂ ಉಂಟು.

ಬೆಳಗ್ಗೆ ಆರೂವರೆಗೆ ನಮ್ಮ ಡೈರಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮೊದಲು ಬರುವವರು "ಪೇರ್" ತರುತ್ತಾರೆ. ಅವರ ಹಿಂದೆ ನಿಂತ ಭಟ್ಟರು "ಹಾಲು" ತರುತ್ತಾರೆ. ಆಚೆ ಗುಡ್ಡೆಯ ಬಾಯಮ್ಮ ತರುವುದು "ದೂದ್". ಕೆಳಗಿನ ಬೈಲಿನ ಬ್ಯಾರಿಗಳು ತರುವುದು "ಪಾಲ್". ಮರಾಟಿ ನಾಯ್ಕರ ಮನೆಯಲ್ಲಿ ಅದಕ್ಕೆ ಹೇಳುವುದು "ದೂಧ್". ಒಂದೇ ಕ್ಯಾನಿಗೆ ಎಲ್ಲವೂ ಬೀಳುತ್ತದೆ. ಬಿದ್ದ ಮೇಲೆ ಯಾವುದು ಪೇರ್, ಯಾವುದು ದೂದ್ ಎಂದು ಯಾವ ಲ್ಯಾಕ್ಟೋಮೀಟರೂ ಹೇಳಲಾರದು. ಆದರೆ ಪುಸ್ತಕದಲ್ಲಿ ಬರೆಯುವಾಗ ನಮ್ಮ ಕಾರ್ಯದರ್ಶಿಗಳು ಬರೆಯುವುದು ಕನ್ನಡದಲ್ಲಿ. ಒಕ್ಕೂಟಕ್ಕೆ ಹೋಗುವ ಲೆಕ್ಕದಲ್ಲಿ ಫ್ಯಾಟ್, ಎಸ್.ಎನ್.ಎಫ್. ಅಂತ ಇಂಗ್ಲಿಷ್ ಸೇರುತ್ತದೆ. ಮಾತು ಐದಾರು, ಪುಸ್ತಕ ಒಂದು. ನಮ್ಮ ಇಡೀ ಜಿಲ್ಲೆಯ ಚರಿತ್ರೆ ಈ ಒಂದು ಜಗಲಿಯಲ್ಲಿ ಉಂಟು ಎಂದರೆ ತಪ್ಪಾಗಲಾರದು.

ಈಗ ಆ ಚರಿತ್ರೆಯ ಕಡೆ ಸ್ವಲ್ಪ ನೋಡುವ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ನಮ್ಮ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಮೊದಲ ಕಲೆಕ್ಟರರಾಗಿ ಬಂದವರು ಥಾಮಸ್ ಮನ್ರೋ. ಅವರು ಜಿಲ್ಲೆಗೆ ಕಂದಾಯ ನಿಗದಿ ಮಾಡಿದರು. ಪರದೇಶದವರ ಬಾಯಲ್ಲಿ ಈ ಸೀಮೆಗೆ "ಕೆನರಾ" ಎಂಬ ಹೆಸರು. "ಕನ್ನಡ" ಎಂಬ ಶಬ್ದವೇ ಅವರ ನಾಲಗೆಯಲ್ಲಿ ಹಾಗಾಯಿತು ಎಂದು ತಿಳಿದವರು ಹೇಳುತ್ತಾರೆ. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ನಮ್ಮ ದಕ್ಷಿಣದ ಭಾಗ ಮದ್ರಾಸು ಪ್ರಾಂತ್ಯದಲ್ಲಿಯೇ ಉಳಿದು "ಸೌತ್ ಕೆನರಾ" ಆಯಿತು. ಬಡಗಿನ ಕುಂದಾಪುರದಿಂದ ತೆಂಕಿನ ಕಾಸರಗೋಡು ತನಕ ಒಂದೇ ಜಿಲ್ಲೆ. ಅಷ್ಟೇ ಅಲ್ಲ, ಅರಬ್ಬೀ ಸಮುದ್ರದ ಮಧ್ಯದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳೂ ನಮ್ಮ ಜಿಲ್ಲೆಗೆ ಸೇರಿದ್ದವು. ಅಲ್ಲಿಯವರ ಮಾತು ಮಲಯಾಳದ ಒಂದು ಬಗೆ. ಈಗ ಅವು ಲಕ್ಷದ್ವೀಪದಲ್ಲಿವೆ.

ಹೆಸರು ಕನ್ನಡದ್ದು, ಆದರೆ ಜಿಲ್ಲೆಯ ನಡು ಭಾಗದಲ್ಲಿ ಹೆಚ್ಚಿನ ಮನೆಗಳಲ್ಲಿ ತುಳು. ಕುಂದಾಪುರದ ಕಡೆ ಕುಂದಗನ್ನಡ. ಹವ್ಯಕರಿಗೆ ಅವರದೇ ಕನ್ನಡ. ಸುಳ್ಯದ ಕಡೆ ಅರೆಭಾಷೆ. ಗೌಡ ಸಾರಸ್ವತರಿಗೂ ಕ್ರೈಸ್ತರಿಗೂ ಕೊಂಕಣಿ, ಅದರಲ್ಲೂ ಎರಡು ಧಾಟಿ. ಕರ್ಹಾಡರಿಗೆ, ಚಿತ್ಪಾವನರಿಗೆ, ಮರಾಟಿ ನಾಯ್ಕರಿಗೆ ಒಂದೊಂದು ಬಗೆಯ ಮರಾಠಿ. ಬ್ಯಾರಿಗಳಿಗೆ ಬ್ಯಾರಿ. ತೆಂಕು ದಿಕ್ಕಿಗೆ ಹೋದಂತೆ ಮಲಯಾಳ. ಕೊರಗರಿಗೆ ಅವರದೇ ಒಂದು ಮಾತು, ಅದನ್ನು ನಾವು ಉಳಿದವರು ಕಿವಿಗೊಟ್ಟು ಕೇಳಿದ್ದೇ ಕಡಿಮೆ.

ಇಷ್ಟೆಲ್ಲ ಮಾತಿನವರ ಮೇಲೆ ಕಂಪೆನಿಯವರು ಒಂದು ಕಚೇರಿ ಇಟ್ಟರು. ಮೇಲಿನ ದೊರೆಗೆ ಇಂಗ್ಲಿಷ್. ಕೆಳಗಿನ ಶ್ಯಾನುಭೋಗರ ಕಡತ ಕನ್ನಡ. ಅದರೊಳಗಿನ ಶಬ್ದಗಳು ಮತ್ತೆ ಎಲ್ಲಿಂದಲೋ ಬಂದವು. ವಕೀಲ, ತಕರಾರು, ಜಮಾಬಂದಿ ಎಲ್ಲ ಫಾರಸಿ, ಅರಬಿಯಿಂದ ಬಂದವು. ನಮ್ಮನ್ನು ನಾವು ಕರೆದುಕೊಳ್ಳುವ "ರೈತ" ಎಂಬ ಶಬ್ದವೂ ಅಲ್ಲಿಯದೇ. ಕಾಗದದ ಕೆಳಗೆ ಹಾಕುವ "ಸಹಿ" ಕೂಡ ಅರಬಿಯದ್ದು. ಬೀಗ ತೆಗೆಯುವುದಕ್ಕೆ ನಾವು ತುಳುವಿನಲ್ಲೂ ಕೊಂಕಣಿಯಲ್ಲೂ ನಮ್ಮ ಕನ್ನಡದಲ್ಲೂ "ಚಾವಿ" ಅಂತೇವಲ್ಲ, ಅದು ಪೋರ್ಚುಗೀಸರದ್ದು. ಶಬ್ದ ಬಂದದ್ದಕ್ಕೆ ಬೇಸರ ಇಲ್ಲ. ಬಂದ ಶಬ್ದಕ್ಕೆ ಊಟ ಹಾಕಿ ಮನೆಯವನನ್ನಾಗಿ ಮಾಡಿಕೊಳ್ಳುವುದು ನಮ್ಮ ಜಿಲ್ಲೆಯ ಗುಣ. ಪ್ರಶ್ನೆ ಅದಲ್ಲ. ಚಾವಿ ಯಾರ ಕೈಯಲ್ಲಿ ಇತ್ತು ಎಂಬುದೇ ಪ್ರಶ್ನೆ.

ಗದ್ದೆಯಲ್ಲಿ ಇದ್ದವನಿಗೆ ತುಳು ಮಾತ್ರ ಗೊತ್ತು. ಕಾಗದ ಇರುವುದು ಕನ್ನಡದಲ್ಲಿ. ಕೋರ್ಟಿನಲ್ಲಿ ಮೇಲೆ ಹೋದರೆ ಇಂಗ್ಲಿಷ್. ಹಾಗಾದ ಮೇಲೆ ಎರಡು ಮಾತು ಬಲ್ಲವನು ಮಧ್ಯದಲ್ಲಿ ನಿಂತ. ಅವನು ಒಳ್ಳೆಯವನಾದರೆ ರೈತ ಬದುಕಿದ, ಅಲ್ಲವಾದರೆ ಕೆಟ್ಟ. ನಮ್ಮ ಜಿಲ್ಲೆಯಲ್ಲಿ ವರ್ಗದಾರ, ಮೂಲಗೇಣಿ, ಚಾಲಗೇಣಿ ಎಂದು ಇತ್ತು. ಮೂಲಗೇಣಿಯವನಿಗೆ ಒಕ್ಕಲು ಶಾಶ್ವತ, ಗೇಣಿ ಗೊತ್ತುಪಡಿಸಿದ್ದು. ಚಾಲಗೇಣಿಯವನಿಗೆ ಹಾಗಲ್ಲ, ಧನಿ ಬಿಡು ಎಂದರೆ ಬಿಡಬೇಕು. ಎರಡು ಶಬ್ದಕ್ಕೆ ಕಾಗದದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಒಂದು ಸಂಸಾರ ಇರುವುದೋ ಎದ್ದು ಹೋಗುವುದೋ ಎಂಬುದು ಆ ಒಂದು ಅಕ್ಷರದಲ್ಲಿ ಇತ್ತು. ಓದಲು ಬಾರದವನು ಹೆಬ್ಬೆಟ್ಟು ಒತ್ತಿದ.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು. ಮುಡಿ ಕಟ್ಟಿ ಅಕ್ಕಿ ಹೊತ್ತು ಧನಿಗಳ ಅಂಗಳಕ್ಕೆ ಹಾಕಿದವರು. ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತಲ್ಲ, ಆಗ ಉಳುವವನು ಏಳನೇ ನಂಬ್ರದ ಫಾರ್ಮು ತುಂಬಿಸಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ನಮ್ಮಲ್ಲಿ ಅದಕ್ಕೆ "ಡಿಕ್ಲರೇಶನ್ ಕೊಡುವುದು" ಎನ್ನುತ್ತಿದ್ದರು. ಅಜ್ಜನಿಗೆ ಓದು ಬಾರದು. ಶಾಲೆಯ ಒಬ್ಬರು ಮಾಸ್ತರರು ಒಂದು ರಾತ್ರಿ ಚಿಮಿಣಿ ದೀಪದಲ್ಲಿ ಕೂತು, ಒಂದೊಂದು ಗೆರೆಯನ್ನೂ ತುಳುವಿನಲ್ಲಿ ಹೇಳಿ, ಅಜ್ಜ "ಅಂದ್" ಎಂದ ಮೇಲೆಯೇ ಕನ್ನಡದಲ್ಲಿ ಬರೆದರಂತೆ. ನಮ್ಮ ಜಾಗ ಉಳಿಯಿತು. ಅದೇ ಬೈಲಿನ ಇನ್ನೊಂದು ಮನೆಯವರು ಹೆದರಿ, ಏನು ಬರೆದಿದೆಯೋ ಏನೋ, ಧನಿಗಳಿಗೆ ಸಿಟ್ಟು ಬಂದರೆ ಎಂತ ಮಾಡುವುದು ಎಂದು ಡಿಕ್ಲರೇಶನ್ ಕೊಡಲಿಲ್ಲ. 1979ರ ಜೂನ್ ಕೊನೆಗೆ ವಾಯಿದೆಯೂ ಮುಗಿಯಿತು. ಅವರು ಊರು ಬಿಟ್ಟರು. ಕಾನೂನು ಇಬ್ಬರಿಗೂ ಒಂದೇ ಇತ್ತು. ಒಬ್ಬರಿಗೆ ಅದನ್ನು ಅವರ ಮಾತಿನಲ್ಲಿ ಓದಿ ಹೇಳುವವರು ಸಿಕ್ಕಿದರು, ಇನ್ನೊಬ್ಬರಿಗೆ ಸಿಗಲಿಲ್ಲ. ಅಷ್ಟೇ ವ್ಯತ್ಯಾಸ.

ಹಾಗಾದರೆ ಕನ್ನಡದ ಪುಸ್ತಕ ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಈ ಜಿಲ್ಲೆಯಲ್ಲಿ ಕನ್ನಡ ಯಾರೋ ಒಂದು ಜಾತಿಯವರ ಆಸ್ತಿ ಆಗಲಿಲ್ಲ, ಎಲ್ಲರಿಗೂ ಸೇರಿದ ನಡುಮನೆ ಆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ತುಳುವನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಿದರು. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರಲ್ಲಿ ಹೊರಟದ್ದು ನಮ್ಮ ಮಂಗಳೂರಿನಿಂದ, ಹೊರಡಿಸಿದವರು ಜರ್ಮನಿಯ ಹರ್ಮನ್ ಮೋಗ್ಲಿಂಗ್. ಮಕ್ಕಳಿಗೆಲ್ಲ ಕನ್ನಡದ ಹಾಡು, ಕತೆ ಬರೆದುಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ರಾಷ್ಟ್ರಕವಿ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳದ್ದೂ ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಚಂದ್ರಗಿರಿ ಹೊಳೆಯ ದಡದ ಮುಸ್ಲಿಂ ಹೆಂಗಸರ ಕಷ್ಟವನ್ನು ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ ಅವರೂ ಕನ್ನಡ ಮನೆಮಾತಿನವರಲ್ಲ. ಕ್ರೈಸ್ತರ ಕೊಂಕಣಿ ವಾರಪತ್ರಿಕೆ "ರಾಕ್ಣೊ" 1938ರಿಂದ ಬರುತ್ತಿರುವುದು ಕನ್ನಡ ಅಕ್ಷರದಲ್ಲಿ. ನಮ್ಮ ಮನೆಯಲ್ಲಿ ತುಳು ಮಾತಾಡುವ ನಾವೂ ಈ ಕಾಗದವನ್ನು ಕನ್ನಡದಲ್ಲಿ ಬರೆದುಕೊಂಡು ಬಂದಿದ್ದೇವೆ. ಅದರಲ್ಲಿ ನಮಗೆ ಹೆಮ್ಮೆ ಉಂಟು.

ಸಹಕಾರವೂ ಹಾಗೆಯೇ ಬೆಳೆಯಿತು. ನಮ್ಮ ಜಿಲ್ಲೆಯ ಸಹಕಾರ ಪಿತಾಮಹರೆಂದು ನಾವು ದಿನಾ ಸ್ಮರಿಸುವ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ವಕೀಲರಾಗಿದ್ದವರು. ವಕೀಲರಾದ ಕಾರಣ ಕಾಗದದಿಂದ ರೈತ ಹೇಗೆ ಮುಳುಗುತ್ತಾನೆ ಎಂದು ಅವರು ಹತ್ತಿರದಿಂದ ಕಂಡಿರಬೇಕು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ. ಬಡ್ಡಿಯವನ ಮನೆಯ ಬಾಗಿಲಿಗೆ ಹೋಗುವ ರೈತನಿಗೆ ಅವನದೇ ಒಂದು ಬಾಗಿಲು ಆಯಿತು.

1956ರ ನವೆಂಬರ್ 1ರಂದು ಭಾಷೆಗಳ ಪ್ರಕಾರ ರಾಜ್ಯಗಳನ್ನು ಮಾಡಿದಾಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿ ಆಗಲಿಲ್ಲ. ಗೆರೆ ಬಿದ್ದದ್ದು ನಕ್ಷೆಯಲ್ಲಿ. ಅಡಿಕೆ ಮರಕ್ಕೆ ಆ ಗೆರೆ ಗೊತ್ತಿಲ್ಲ. ಅಡಿಕೆಯ ಧಾರಣೆ ಬಿದ್ದಾಗ ಗೆರೆಯ ಈಚೆಯವನೂ ಆಚೆಯವನೂ ಒಟ್ಟಿಗೇ ಬಿದ್ದ. ಆದ್ದರಿಂದ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಆದಾಗ ಅದು ಕರ್ನಾಟಕ ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗೆ ಸೇರಿದ ಸಂಸ್ಥೆ ಆಯಿತು. ರಾಜ್ಯ ಬೇರೆ ಮಾಡಿದ್ದನ್ನು ಸಹಕಾರ ಒಂದು ಮಾಡಿತು. ಇಂಥ ನೆಲದಲ್ಲಿ ಹುಟ್ಟಿದ್ದು ನಮ್ಮ ಈ ಸಣ್ಣ ಸಂಘ.

ಇಲ್ಲಿಯ ತನಕ ಹೇಳಿದ್ದು ಸಂತೋಷದ ಸಂಗತಿ. ಇನ್ನು ಹೇಳಲಿಕ್ಕೆ ಇರುವುದು ನಮ್ಮ ತಪ್ಪು. ರಜತ ಮಹೋತ್ಸವದ ಹೊತ್ತಿನಲ್ಲಿ ಅದೆಲ್ಲ ಯಾಕೆ, ಹೊಗಳಿಕೆ ಸಾಕಲ್ಲ ಎಂದು ಕೆಲವು ಮಿತ್ರರು ಹೇಳಿದರು. ಆದರೆ 25 ವರ್ಷದ ಲೆಕ್ಕ ಕೊಡುವಾಗ ಜಮೆ ಮಾತ್ರ ಓದಿ ಖರ್ಚು ಬಿಟ್ಟರೆ ಆಡಿಟಿನವರು ಒಪ್ಪುತ್ತಾರೆಯೇ?

2018ರ ಮಳೆಗಾಲದ ಮಾತು. ನಮ್ಮ ಸಂಘದ ಒಬ್ಬರು ಹಿರಿಯ ಸದಸ್ಯೆ, ಹೆಸರು ಬೇಡ, ಗಂಡ ತೀರಿಹೋದವರು, ಸಾಲ ಮಾಡಿ 50 ಸಾವಿರ ಕೊಟ್ಟು ಒಂದು ದನ ತಂದರು. ಒಳ್ಳೆಯ ದನ, ಎರಡೂ ಹೊತ್ತು ಸೇರಿ ಹದಿನಾಲ್ಕು ಲೀಟರು ಕೊಡುತ್ತಿತ್ತು. ದನಕ್ಕೆ ವಿಮೆಯೂ ಮಾಡಿಸಿದೆವು. ವಿಮೆಯ ದಿನ ಡಾಕ್ಟರು ಬಂದು ದನದ ಕಿವಿಗೆ ನಂಬರಿನ ಬಿಲ್ಲೆ ಹಾಕಿ ಹೋದರು. ಅದಕ್ಕೆ ಕಾಗದದಲ್ಲಿ "ಕಿವಿಯೋಲೆ" ಅಂತ ಹೆಸರು.

ಆ ವರ್ಷ ನಾವು ವಿಮೆ ಮಾಡಿಸಿದ ಎಲ್ಲ ಸದಸ್ಯರನ್ನು ಕರೆದು ಒಂದು ಸಭೆ ಮಾಡಿದ್ದೆವು. ಅದರಲ್ಲಿ ನಿಯಮಗಳನ್ನು ಓದಿದ್ದು ನಾವೇ. ಹೇಗೆ ಓದಿದೆವು? ಕಾಗದದಲ್ಲಿ ಇದ್ದ ಹಾಗೆ ಓದಿದೆವು. "ವಿಮೆಗೆ ಒಳಪಟ್ಟ ಜಾನುವಾರು ಮರಣ ಹೊಂದಿದಲ್ಲಿ ಕಿವಿಯೋಲೆ ಸಹಿತ ಮರಣೋತ್ತರ ಪರೀಕ್ಷಾ ವರದಿಯನ್ನು ಸಲ್ಲಿಸತಕ್ಕದ್ದು" ಎಂದು ಗಂಟಲು ಸರಿ ಮಾಡಿಕೊಂಡು ಮೈಕಿನಲ್ಲಿ ಓದಿದೆವು. ಕೇಳಲಿಕ್ಕೆ ಬಹಳ ಗಾಂಭೀರ್ಯ ಇತ್ತು. ಎದುರು ಕೂತವರು ತಲೆ ಆಡಿಸಿದರು. ಎಲ್ಲರಿಗೂ ತಿಳಿಯಿತು ಎಂದು ನಾವು ತಿಳಿದೆವು. ಚಾ, ಬನ್ಸ್ ಆಯಿತು, ಎಲ್ಲರೂ ಸಹಿ ಹಾಕಿ ಹೋದರು. ಆ ಅಮ್ಮನವರೂ ಹೆಬ್ಬೆಟ್ಟು ಒತ್ತಿ ಹೋದರು.

ಆಟಿ ತಿಂಗಳಲ್ಲಿ, ಜೋರು ಮಳೆಯ ಒಂದು ರಾತ್ರಿ ದನ ಸತ್ತಿತು. ಹೊಟ್ಟೆ ಉಬ್ಬರಿಸಿತ್ತಂತೆ. ಬೆಳಗ್ಗೆ ನೆರೆಕರೆಯ ನಾಲ್ಕು ಜನರನ್ನು ಕರೆದು, ತೋಟದ ಬದಿಯಲ್ಲಿ ಗುಂಡಿ ತೋಡಿ, ಅರಸಿನ ಕುಂಕುಮ ಹಾಕಿ, ಕಿವಿಯ ಬಿಲ್ಲೆ ಸಹಿತ ಮಣ್ಣು ಮಾಡಿದರು. ಮೂರನೇ ದಿನ ಡೈರಿಗೆ ಬಂದು ಸುದ್ದಿ ಹೇಳಿದರು. ಕಾರ್ಯದರ್ಶಿಗಳು ಕಿವಿಯೋಲೆ ಎಲ್ಲಿ ಎಂದು ಕೇಳಿದರು. ಅವರಿಗೆ ಅರ್ಥ ಆಗಲಿಲ್ಲ. ನಾವು ತುಳುವಿನಲ್ಲಿ ಕೇಳಿದೆವು. ಆಗ ಅವರು ನಮ್ಮ ಮುಖ ನೋಡಿ "ಅಣ್ಣೆರೆ, ಎನಡ ಏರ್ಲಾ ಪಂತ್‌ಜೆರ್" ಅಂದರು. ನನಗೆ ಯಾರೂ ಹೇಳಲಿಲ್ಲ ಎಂದು.

ನಾವು ಹೇಳಿದ್ದೆವಲ್ಲ, ಮೈಕಿನಲ್ಲಿ ಹೇಳಿದ್ದೆವಲ್ಲ ಎಂದು ಬಾಯಿಯ ತನಕ ಬಂತು. ಅಲ್ಲಿಗೇ ನಿಂತಿತು. ಯಾಕೆಂದರೆ ಅವರು ಹೇಳಿದ್ದು ಸತ್ಯ. ನಾವು ಓದಿದ್ದೆವು, ಹೇಳಿರಲಿಲ್ಲ.

ಗುಂಡಿ ಪುನಃ ತೆಗೆಯುವ ಎಂದು ಯಾರೋ ಅಂದರು. ಅವರು ಒಪ್ಪಲಿಲ್ಲ. ಮಣ್ಣು ಮಾಡಿದ ದನವನ್ನು ಹಣಕ್ಕಾಗಿ ಮೇಲೆ ತೆಗೆಯುವುದೇ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಬಿಲ್ಲೆ ಇಲ್ಲ, ಡಾಕ್ಟರರ ವರದಿ ಇಲ್ಲ, ಆದ್ದರಿಂದ ವಿಮೆಯ ಹಣ ಇಲ್ಲ. ವಿಮೆಯವರನ್ನು ದೂರಿ ಪ್ರಯೋಜನ ಇಲ್ಲ, ನಿಯಮ ಇದ್ದದ್ದು ಹಾಗೆ. ನಾವು ನಿರ್ದೇಶಕರು ಕೈಯಿಂದ ಸ್ವಲ್ಪ ಹಣ ಒಟ್ಟು ಮಾಡಿ ಮನೆಗೆ ಕೊಂಡುಹೋದೆವು. ಅವರು ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು ಕೂರಿಸಿ "ದಾನ ಬೊಡ್ಚಿ" ಎಂದರು. ಉಳಿದಿದ್ದ ಒಂದು ಊರ ದನದ ಎರಡು ಲೀಟರು ಹಾಲು ಹಾಕಿ, ಕೂಲಿ ಕೆಲಸಕ್ಕೂ ಹೋಗಿ, ಎರಡೂವರೆ ವರ್ಷದಲ್ಲಿ ಸಾಲದ ಪೂರ್ತಿ ಹಣ ಕಟ್ಟಿದರು. ಒಂದು ಕಂತೂ ತಪ್ಪಲಿಲ್ಲ. ಸತ್ತ ದನದ ಸಾಲ.

ಸ್ವಾಮೀ, ನಮಗೆ ಹೆಚ್ಚು ನೋವಾದದ್ದು ಯಾವುದು ಗೊತ್ತುಂಟಾ? ನಮಗೆ ತುಳು ಬಾರದೆ ಇದ್ದದ್ದಲ್ಲ. ಹುಟ್ಟಿದ ಮೇಲೆ ಮೊದಲು ಆಡಿದ ಮಾತೇ ಅದು. "ಪೆತ್ತ ಸೈತ್ಂಡ ಸುರುಕು ಡೈರಿಗ್ ತೆರಿಪಾಲೆ, ಕೆಬಿತ ನಂಬರ್ ಜಾಗ್ರತೆ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ದನ ಸತ್ತರೆ ಮೊದಲು ಡೈರಿಗೆ ತಿಳಿಸಿ, ಕಿವಿಯ ನಂಬರು ಜಾಗ್ರತೆ, ಅಷ್ಟೇ. ಅರ್ಧ ನಿಮಿಷದ ಕೆಲಸ. ಯಾಕೆ ಹೇಳಲಿಲ್ಲ? ನಿರ್ದೇಶಕರಾಗಿ ವೇದಿಕೆ ಹತ್ತಿದ ಮೇಲೆ ಮನೆಯ ಮಾತು ಆಡಿದರೆ ಗೌರವ ಕಡಿಮೆ ಎಂದು ಒಳಗೆ ಎಲ್ಲೋ ಇತ್ತು. ದೊರೆಯ ಕಚೇರಿಯಲ್ಲಿ ಮಧ್ಯದಲ್ಲಿ ನಿಂತಿದ್ದವನು ಯಾರು ಎಂದು ಮೊದಲು ಹೇಳಿದೆವಲ್ಲ, ಆ ಜಾಗದಲ್ಲಿ ನಾವೇ ನಿಂತಿದ್ದೆವು. ಕಂಪೆನಿ ಹೋಯಿತು, ಮದ್ರಾಸು ಹೋಯಿತು, ಧನಿಗಳೂ ಹೋದರು. ಚಾವಿ ಮಾತ್ರ ಕೈಯಿಂದ ಕೈಗೆ ದಾಟಿ ನಮ್ಮ ಕೈಗೆ ಬಂದಿತ್ತು. ಮಾಸ್ತರರು ಅಜ್ಜನಿಗೆ ಮಾಡಿದ ಉಪಕಾರದಿಂದ ಉಳಿದ ಜಾಗದ ಅನ್ನ ಉಂಡು, ಅದೇ ಉಪಕಾರವನ್ನು ನಾವು ಇನ್ನೊಬ್ಬರಿಗೆ ಮಾಡಲಿಲ್ಲ.

ಇನ್ನೊಂದು ಮಾತು. ನಮ್ಮ ದೊಡ್ಡಮ್ಮನನ್ನು ಕೊಟ್ಟದ್ದು ಗಡಿಯ ಆಚೆ, ಮಂಜೇಶ್ವರದ ಕಡೆಗೆ. ಅವರು ಕಲಿತದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಒಂದು ಸಲ ಅವರಿಗೆ ಒಂದು ಕಚೇರಿಯಿಂದ ಮಲಯಾಳದಲ್ಲಿ ನೋಟೀಸು ಬಂತು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಬಸ್ಸು ಹತ್ತಿ, ನಮ್ಮ ಮನೆಯ ತನಕ ಬಂದರು. ನಮಗೂ ಓದಲು ಬಾರದು. ಕೊನೆಗೆ ನಮ್ಮ ಸಂಘದ ಸದಸ್ಯರೇ ಆದ ಒಬ್ಬರು ಬ್ಯಾರಿ ಕಾಕ ಓದಿ, ತುಳುವಿನಲ್ಲಿ ಹೇಳಿದರು. ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ಎರಡು ದಿನ ದೊಡ್ಡಮ್ಮ ಊಟ ಮಾಡಿರಲಿಲ್ಲ. ಆ ದಿನ ನಾವು ಎಷ್ಟು ಸಿಟ್ಟು ಮಾಡಿದ್ದೆವು! ಕನ್ನಡದವರಿಗೆ ಮಲಯಾಳದಲ್ಲಿ ಕಾಗದ ಕಳಿಸುವುದು ಅನ್ಯಾಯ ಎಂದು ಜಗಲಿಯಲ್ಲಿ ನಿಂತು ಭಾಷಣ ಮಾಡಿದ್ದೆವು. ನಮ್ಮವರಿಗೆ ಆದಾಗ ಅನ್ಯಾಯ ಕಾಣುತ್ತದೆ. ನಾವೇ ಮಾಡಿದಾಗ ಅದು ನಿಯಮ ಓದಿದ್ದು ಅನ್ನಿಸುತ್ತದೆ.

ಈ ತಪ್ಪಿನಿಂದ ನಾವು ಒಂದು ಪಾಠ ಕಲಿತೆವು. 2019ರಿಂದ ನಮ್ಮ ಸಂಘದ ಎಲ್ಲ ಅರ್ಜಿ, ಸಾಲ, ವಿಮೆಯ ಕಾಗದಗಳ ಕೆಳಗೆ, ಸದಸ್ಯರ ಸಹಿಯ ಪಕ್ಕದಲ್ಲಿ, ಇನ್ನೊಂದು ಗೆರೆ ಎಳೆಯುತ್ತೇವೆ. ಅದರಲ್ಲಿ "ಓದಿ ಹೇಳಿದವರ ಸಹಿ" ಎಂದಿದೆ. ಯಾವ ಭಾಷೆಯಲ್ಲಿ ಹೇಳಿದ್ದು ಎಂದೂ ಬರೆಯಬೇಕು. ಸದಸ್ಯರು ತನ್ನ ಬಾಯಲ್ಲಿ ಪುನಃ ಹೇಳಿ ತೋರಿಸಿದ ಮೇಲೆಯೇ ಹೆಬ್ಬೆಟ್ಟು. ಮುಂದೆ ತಿಳಿಯಲಿಲ್ಲ ಎಂದು ಬಂದರೆ ಸದಸ್ಯರನ್ನು ಕೇಳುವುದಿಲ್ಲ, ಓದಿ ಹೇಳಿದವರನ್ನು ಕೇಳುತ್ತೇವೆ. ಮೊದಮೊದಲು ಕಾರ್ಯದರ್ಶಿಗಳಿಗೆ ಇದು ತಲೆನೋವು ಆಯಿತು. ಒಂದು ಅರ್ಜಿಗೆ ಹತ್ತು ನಿಮಿಷ ಹೋಗುತ್ತದೆ, ಹಾಲಿನ ಹೊತ್ತಿಗೆ ಯಾರು ಕೂರುವುದು ಎಂದರು. ಸರಿ, ವಾರದಲ್ಲಿ ಒಂದು ಮಧ್ಯಾಹ್ನ ಅದಕ್ಕೇ ಇಟ್ಟೆವು. ಕೊಂಕಣಿಗೆ ನಮ್ಮ ಹಾಲು ಪರೀಕ್ಷಕಿ ಇದ್ದಾರೆ. ಬ್ಯಾರಿಗೂ ಮಲಯಾಳಕ್ಕೂ ಕಾಕ ಬರುತ್ತಾರೆ, ಚಾ ಕೂಡ ಕುಡಿಯದೆ ಹೋಗುತ್ತಾರೆ. ಮರಾಟಿಗೆ ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ. ಆಮೇಲೆ ವಿಮೆ ಇದ್ದ ದನ ಸತ್ತ ಯಾವ ಮನೆಯವರೂ ಬಿಲ್ಲೆ ಕಳೆದುಕೊಂಡು ಬಂದದ್ದಿಲ್ಲ.

ಆದರೆ ಕೆಲಸ ಪೂರ್ತಿ ಆಗಿಲ್ಲ. ಕೊರಗ ಕುಟುಂಬದ ಇಬ್ಬರು ಈಚೆಗೆ ಸದಸ್ಯರಾಗಿದ್ದಾರೆ. ಅವರ ಜತೆ ನಾವು ತುಳುವಿನಲ್ಲಿ ಮಾತಾಡುತ್ತೇವೆ, ಅವರೂ ತುಳುವಿನಲ್ಲಿಯೇ ಉತ್ತರ ಕೊಡುತ್ತಾರೆ. ಅವರ ಮನೆಯ ಮಾತು ನಮ್ಮಲ್ಲಿ ಯಾರಿಗೂ ಬಾರದು. ಅಲ್ಲಿ ಪುನಃ ಅವರೇ ನಮ್ಮ ಕಡೆಗೆ ದಾಟಿ ಬರಬೇಕು, ನಾವು ದಾಟುವುದಿಲ್ಲ. ಇದನ್ನು ನಾವು ಮರೆಯಬಾರದು. ಈಗ ಎಲ್ಲ ಮೊಬೈಲಿಗೆ ಬಂದಿದೆ. ಹಾಲಿನ ಹಣ ಬ್ಯಾಂಕಿಗೆ ಹೋಗುತ್ತದೆ, ಮೆಸೇಜು ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಮ್ಮಂದಿರು ಮೊಮ್ಮಕ್ಕಳ ಹತ್ತಿರ ಓದಿಸುತ್ತಾರೆ. ಮೊಮ್ಮಕ್ಕಳು ಇಂಗ್ಲಿಷ್ ಓದುತ್ತಾರೆ, ಅದನ್ನು ತುಳುವಿನಲ್ಲಿ ಹೇಳು ಎಂದರೆ ತಡವರಿಸುತ್ತಾರೆ. ಹೀಗೆಯೇ ಹೋದರೆ ಒಂದೇ ಮನೆಯ ಒಳಗೆ ಕಚೇರಿಯೂ ರೈತನೂ ಆದಾರು.

ತುಳುವಿಗೆ ಅಕಾಡೆಮಿ 1994ರಲ್ಲಿ ಆಯಿತು, ಕೊಂಕಣಿಗೂ ಅದೇ ವರ್ಷ, ಬ್ಯಾರಿಗೆ 2007ರಲ್ಲಿ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. 2011ರ ಜನಗಣತಿಯಲ್ಲಿ ತುಳು ಮನೆಮಾತು ಎಂದು ಬರೆಸಿದವರು 18 ಲಕ್ಷಕ್ಕೂ ಮೇಲೆ. ಇದೆಲ್ಲ ಒಳ್ಳೆಯದೇ, ಆಗಲಿ, ಇನ್ನೂ ಆಗಲಿ. ಭಾಷೆಗೆ ಸನ್ಮಾನ ಮಾಡುವುದು ದೊಡ್ಡವರ ಕೆಲಸ. ಭಾಷೆಯಲ್ಲಿ ಕಷ್ಟಕ್ಕೆ ಬೇಕಾದ ಒಂದು ಮಾತು ಹೇಳುವುದು ನಮ್ಮಂಥ ಸಣ್ಣ ಸಂಘದ ಕೆಲಸ. ಅದಕ್ಕೆ ಸರಕಾರದ ಆದೇಶ ಬೇಡ, ಅನುದಾನ ಬೇಡ, ಹತ್ತು ನಿಮಿಷ ಸಮಯ ಸಾಕು.

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ಸದಸ್ಯರಾದ ತಾವೆಲ್ಲರೂ ಒಂದು ನಿರ್ಣಯ ಮಾಡಬೇಕೆಂದು ನಾವು ಕೈಮುಗಿದು ಕೇಳುತ್ತೇವೆ. "ಓದಿ ಹೇಳಿದವರ ಸಹಿ" ಎಂಬುದು ಈಗ ಆಡಳಿತ ಮಂಡಳಿಯ ರೂಢಿ ಮಾತ್ರ. ನಾಳೆ ನಾವು ಇರುವುದಿಲ್ಲ, ಬೇರೆಯವರು ಬರುತ್ತಾರೆ, ಅವಸರಕ್ಕೆ ಆ ಗೆರೆ ಅಳಿಸಿಹೋದೀತು. ಅದನ್ನು ನಮ್ಮ ಸಂಘದ ಬೈಲಾಕ್ಕೆ ಸೇರಿಸಬೇಕು. ಪುಸ್ತಕ ಕನ್ನಡದಲ್ಲಿಯೇ ಇರಲಿ, ಅದು ನಮ್ಮೆಲ್ಲರ ನಡುಮನೆ. ಆದರೆ ನಡುಮನೆಗೆ ಬರಲು ಪ್ರತಿ ಮನೆಯವರಿಗೂ ಅವರವರ ಬಾಗಿಲು ಇರಲಿ.

ನಾವು ಹೇಳಿದ ಆ ಅಮ್ಮನವರು ಈ ಸಭೆಗೂ ಬಂದಿದ್ದಾರೆ. ಎಲ್ಲಿ ಕೂತಿದ್ದಾರೆ ಎಂದು ಹೇಳುವುದಿಲ್ಲ, ಅವರಿಗೆ ನಾಚಿಕೆ. ಈಗ ಹೊಸ ದನ ಕಟ್ಟಿದ್ದಾರೆ. ಅದರ ವಿಮೆಯ ದಿನ ಓದಿ ಹೇಳಲು ನಾವು ಕೂತಾಗ, ಅವರು ಪೂರ್ತಿ ಕೇಳಿ, "ಅಣ್ಣೆರೆ, ಇನ್ನೊಂದು ಸರ್ತಿ ಹೇಳಿ" ಎಂದು ತುಳುವಿನಲ್ಲಿ ಕೇಳಿದರು. ಇನ್ನೊಂದು ಸರ್ತಿ ಹೇಳಿದೆವು. ಆಮೇಲೆ ಒತ್ತಿದರು. ಅವರ ಹೆಬ್ಬೆಟ್ಟಿನ ಪಕ್ಕದಲ್ಲಿ ನಾವು ಸಹಿ ಹಾಕಿದೆವು. ನಮ್ಮ ನಿರ್ದೇಶಕತನದಲ್ಲಿ ನೂರಾರು ಸಹಿ ಹಾಕಿದ್ದೇವೆ, ಆದರೆ ಕೈ ಸ್ವಲ್ಪ ನಡುಗಿದ್ದು ಆ ಒಂದು ಸಹಿಗೆ.

ಹೆಚ್ಚು ಮಾತಾಡಿ ನಿಮ್ಮ ಹೊತ್ತು ತೆಗೆದುಕೊಂಡೆವು. ಸಂಜೆ ಹಾಲು ಕರೆಯುವ ಹೊತ್ತು ಆಯಿತು, ಹಟ್ಟಿಯಲ್ಲಿ ಕರುಗಳು ಕೂಗಲಿಕ್ಕೆ ಶುರು ಮಾಡಿರಬಹುದು. ತಪ್ಪು ಒಪ್ಪು ಇದ್ದರೆ ಹಿರಿಯರು ತಿದ್ದಬೇಕು.